ಪುಟ್ಟಮಾದಮ್ಮನ ಕಪ್ಪೆ ಮಗಳು

ಕೊತ್ತತ್ತಿ ಕಡೆಯ ನಮ್ಮ ಹಳ್ಳಿಯಲ್ಲಿ ಮಳೆ ತಡವಾದರೆ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ನಾಲೆ ತುಂಬ ನೀರಿದ್ದರೂ ಮಾಡುತ್ತಾರೆ, ಶಾಸ್ತ್ರ ಬಿಡಬಾರದಂತೆ. ಗಂಡು ಮೇಗಲಕೇರಿಯದು, ಹೆಣ್ಣು ಕೆಳಗಲಕೇರಿಯದು. ಹೆಣ್ಣು ಕಪ್ಪೆಯನ್ನು ನಾಲೆಯ ಬದಿಯಿಂದ ವಾರ ಮೊದಲೇ ಹಿಡಿದು ತಂದು, ಒಂದು ಮನೆಯಲ್ಲಿಟ್ಟು, ಎಣ್ಣೆ ಅರಿಶಿನ ಹಚ್ಚಿ ಸಾಕಬೇಕು. ಆ ಮನೆಯ ಹೆಂಗಸೇ ಹೆಣ್ಣಿನ ತಾಯಿ. ಮದುವೆಯ ದಿನ ಚಪ್ಪರದಡಿ ಮಣೆ ಮೇಲೆ ಕೂರುವವಳೂ ಅವಳೇ.

ಪುಟ್ಟಮಾದಮ್ಮನಿಗೆ ಐವತ್ತು ದಾಟಿದೆ, ಮಕ್ಕಳಿಲ್ಲ. ಊರ ಮದುವೆಗಳಿಗೆಲ್ಲ ತರಕಾರಿ ಹೆಚ್ಚಿದವಳು, ಬೀಗರೂಟಕ್ಕೆ ಮುದ್ದೆ ಕಟ್ಟಿದವಳು. ಮಣೆ ಮೇಲೆ ಕೂರುವ ಭಾಗ್ಯ ಮಾತ್ರ ಬರಲಿಲ್ಲ. ಕೆಲವು ವರ್ಷದ ಹಿಂದೆ ಕಪ್ಪೆ ಮದುವೆಯ ಸರದಿ ಅವಳ ಮನೆಗೆ ಬಂದಾಗ, ಇದ್ದ ಪ್ರೀತಿಯನ್ನೆಲ್ಲ ಹರಳೆಣ್ಣೆ ಅರಿಶಿನದಲ್ಲಿ ಕಲಸಿ ದಿನವೂ ಕಪ್ಪೆಗೆ ಹಚ್ಚಿದಳು. ಮದುವೆಯ ಬೆಳಿಗ್ಗೆ ಅದು ಸೆಟೆದುಕೊಂಡು ಬಿದ್ದಿತ್ತು. ಬೇರೆ ಕಪ್ಪೆ ಬಂತು, ಬೇರೆ ತಾಯಿ ಕೂತಳು. ‘ಅವಳ ಕೈಯಲ್ಲಿ ಕೂಸು ನಿಲ್ಲಲ್ಲ’ ಎಂದು ಊರು ಆಡಿಕೊಂಡಿತು. ಅದು ಕೆಟ್ಟ ಮಾತು. ಆಡಿದವರಿಗೆ ಇವತ್ತಿಗೂ ನಾಚಿಕೆಯಿಲ್ಲ.

ಈ ಸಲ ಬೇರೆ ಯಾರೂ ಒಪ್ಪದೆ ಮತ್ತೆ ಅವಳನ್ನೇ ಕೇಳಿದರು. ಒಪ್ಪಿದಳು. ಮೊದಲ ದಿನದ ಅರಿಶಿನಕ್ಕೇ ಕಪ್ಪೆ ಕಾಲು ಮುದುಡಿ ಕೂತುಬಿಟ್ಟಿತು. ಪುಟ್ಟಮಾದಮ್ಮ ಅದನ್ನು ಬಕೀಟಿನಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಕಟ್ಟಿ, ಬಸ್ಸು ಹತ್ತಿ ಮಂಡ್ಯದ ದನದ ಆಸ್ಪತ್ರೆಗೆ ಹೋದಳು. ಕರು, ಮೇಕೆ ಹಿಡಿದು ನಿಂತಿದ್ದವರೆಲ್ಲ ಬಕೀಟಿನೊಳಗೆ ಇಣುಕಿ ಇಣುಕಿ ನಕ್ಕರು.

ಡಾಕ್ಟರು ದೀಪಶ್ರೀ ನಗಲಿಲ್ಲ. “ನಾನು ಇದುವರೆಗೂ ಕಪ್ಪೆಗೆ ಔಷಧಿ ಮಾಡಿದವಳಲ್ಲಮ್ಮ” ಎಂದು, ಗೊತ್ತಿದ್ದವರಿಗೆ ಫೋನು ಮಾಡಿ ಕೇಳಿಕೊಂಡರು. ಆಮೇಲೆ ಹೇಳಿದರು: “ಇದು ಚರ್ಮದಿಂದಲೂ ಉಸಿರಾಡುತ್ತೆ, ನೀರನ್ನೂ ಚರ್ಮದಲ್ಲೇ ಹೀರುತ್ತೆ. ಮೈಗೆ ಎಣ್ಣೆ ಮೆತ್ತಿದ್ರೆ ಮೂಗು ಬಾಯಿ ಮುಚ್ಚಿದ ಹಾಗೇ ಕಣಮ್ಮ.”

ಪುಟ್ಟಮಾದಮ್ಮ ಬಕೀಟಿನೊಳಗೆ ಬಗ್ಗಿ ನೋಡಿದಳು.

“ಅಂಗಾರೆ ಓದ್ಸಲದ ಕಪ್ಪೇನ ನಾನೇ ಕೊಂದ್ಬುಟ್ನಾ, ಡಾಕುಟ್ರೇ?”

“ನಿಮಗೆ ಗೊತ್ತಿರಲಿಲ್ಲವಲ್ಲ” ಎಂದು ಡಾಕ್ಟರು ಕಪ್ಪೆಯನ್ನು ತೊಳೆಯತೊಡಗಿದರು. ಕೊಳಾಯಿ ನೀರಿಗೆ ಔಷಧಿ ಬೆರೆಸಿರುತ್ತಾರೆ, ಬಾವಿ ನೀರಿನಲ್ಲಿಡಿ; ಒದ್ದೆ ಕೈಯಲ್ಲೇ ಮುಟ್ಟಿ; ಜೀವಂತ ಹುಳು ಕೊಡಿ; ಆದಷ್ಟು ಬೇಗ ಹಿಡಿದ ಜಾಗಕ್ಕೇ ಬಿಟ್ಟುಬಿಡಿ ಎಂದರು.

ಅವಳು ಹಾಗೇ ನೋಡಿಕೊಂಡಳು. ಗದ್ದೆ ಬದುವಿನಲ್ಲಿ ಮಿಡತೆ ಹಿಡಿಯುವಾಗ ನಕ್ಕವರಿಗೆ ಅವಳು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕಪ್ಪೆ ಚೇತರಿಸಿಕೊಂಡು, ಬಕೀಟಿನಿಂದ ಚಂಗನೆ ನೆಗೆದು ಒಲೆಯ ಪಕ್ಕ ಕೂತಿತು.

ಮದುವೆಯ ದಿನ ಪುಟ್ಟಮಾದಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ಕಪ್ಪೆಯ ಗಡಿಗೆಯನ್ನು ಮುಂದಿಟ್ಟುಕೊಂಡು ಮಣೆ ಮೇಲೆ ಕೂತಳು. ಗಂಡಿನ ಕಡೆಯ ಯಜಮಾನ ಹುಚ್ಚೀರಯ್ಯ ಅರಿಶಿನದ ಬಟ್ಟಲು ಚಾಚಿದ.

“ಅಚ್ಚು ಕಣಮ್ಮಿ, ಎಣ್ಣಿನ ಮೈಗೆ.”

“ಗಡ್ಗೆಗೆ ಅಚ್ತೀನಿ ಕಣಣ್ಣ. ಅದ್ರ ಮೈಗೆ ಬ್ಯಾಡ, ಸತ್ತೋಯ್ತದೆ.”

“ಅರಿಸಿನ ಇಲ್ದೆ ಯಾವ ಮದ್ವೆ ಆದದು? ಆಗಕ್ಕಿಲ್ಲ ಅಂದ್ರೆ ಮಣೆ ಬುಟ್ಟು ಏಳು. ಬ್ಯಾರೆಯೋರು ಕೂತ್ಕಂಡು ಅಚ್ತಾರೆ.”

ಆ ಮಣೆಗಾಗಿ ಅವಳು ಎಷ್ಟು ಆಸೆಪಟ್ಟಿದ್ದಳೆಂದು ಊರಿಗೆಲ್ಲ ಗೊತ್ತಿತ್ತು. ಪುಟ್ಟಮಾದಮ್ಮ ಬಟ್ಟಲನ್ನೊಮ್ಮೆ ನೋಡಿದಳು, ಹುಚ್ಚೀರಯ್ಯನನ್ನೊಮ್ಮೆ ನೋಡಿದಳು. ಎದ್ದು ಗಡಿಗೆಯನ್ನು ಸೊಂಟಕ್ಕೇರಿಸಿಕೊಂಡಳು.

“ಎಣ್ಣಿನ ತಾಯಿ ಯೋಳ್ತೀನಿ, ಎಲ್ರೂ ಕೇಳ್ಕಳಿ. ಈ ಸಂಬಂದ ನಮ್ಗೆ ಒಪ್ಗೆ ಇಲ್ಲ” ಎಂದು ಚಪ್ಪರ ದಾಟಿ ನಾಲೆಯ ಕಡೆ ನಡೆದಳು.