ರವೂಫಾಕನ ಸಹಿ

ವಾಯುಪಡೆಯ ಫಿಟ್ಟರ್ ಅಬ್ದುಲ್ ರವೂಫ್ ರಜೆಯಲ್ಲಿ ನರಿಕೊಂಬಿಗೆ ಬಂದ ಮೂರನೇ ದಿನ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬೆಳುವಾಯಿಗೆ ಹೊರಟರು. ಕೆಲಸ ಕಮಾಂಡಿಂಗ್ ಆಫೀಸರ್ ಒಪ್ಪಿಸಿದ್ದು. ಸ್ಕ್ವಾಡ್ರನ್ನಿನ ಹಿರಿಯ ಪೈಲಟ್ ಶ್ರವಣ್, ಸೇವೆಯಿಂದ ಬಿಡುಗಡೆಗೆ ಅರ್ಜಿ ಕೊಟ್ಟು ಊರಿಗೆ ಬಂದು ಕೂತಿದ್ದ. ಹಳೆಯ ಫೈಟರ್ ವಿಮಾನಗಳನ್ನು ಹಾರಿಸುತ್ತ ಹೊಸಬರಿಗೆ ಕಲಿಸಬಲ್ಲವರು ಅಲ್ಲಿ ನಾಲ್ವರೇ ಉಳಿದಿದ್ದರು. “ಇಬ್ಬರೂ ಒಂದೇ ಕಡೆಯವರು. ಅರ್ಜಿ ವಾಪಸು ತೆಗೆದುಕೊಳ್ಳಲು ನೀವು ಹೇಳಿದರೆ ಕೇಳಬಹುದು,” ಎಂದಿದ್ದರು ಸಾಹೇಬರು.

ಬಿ.ಸಿ.ರೋಡಿನಿಂದ ತಮ್ಮ ಅಬ್ದುಲ್ ನಾಸಿರನ ಬಸ್ಸೇ. ತಮ್ಮನಿಗೆ ರವೂಫ್ ಕಾಕ, ಅಂದರೆ ಅಣ್ಣ; ಊರಿಗೆ ರವೂಫಾಕ. ಸ್ಟಿಯರಿಂಗ್ ತಿರುಗಿಸುತ್ತ ನಾಸಿರ್ ಕೆಣಕಿದ: “ನನ್ನ ಬಸ್ಸಿಗೆ ಹದಿನೈದು ವರ್ಷ ಆದ್ರೆ ಆರ್‌ಟಿಒದವ ಮೂಸಿಯೂ ನೋಡುವುದಿಲ್ಲ. ನಿಮ್ಮ ವಿಮಾನಕ್ಕೆ ಮೂವತ್ತೆಂಟು. ಹಾರ್ಬಹುದು ಅಂತ ಎಫ್‌ಸಿ ಕೊಡುವುದು ಯಾರು ಕಾಕ?”

“ನಾನೇ.”

“ಅಲ್ಲಾಹ್! ಹಾಗಾದ್ರೆ ನನ್ನ ಬಸ್ಸಿಗೂ ಒಂದು ಕೊಡಿ ಮಾರಾಯ್ರೆ.”

ರವೂಫ್ ನಗಲಿಲ್ಲ. ವಾಯುನೆಲೆಯಲ್ಲಿ ಹೊಸ ವಿಮಾನಗಳನ್ನು ನಿಲ್ಲಿಸಲೆಂದು ಆರು ವರ್ಷದ ಹಿಂದೆ ಹೊಸ ಹ್ಯಾಂಗರ್ ಕಟ್ಟಿದ್ದರು. ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಬಣ್ಣ. ಹಳೆಯವು ಎಣ್ಣೆ ತೊಟ್ಟಿಕ್ಕುತ್ತವೆಂದು ಒಳಗೆ ಬಿಡಲಿಲ್ಲ. ಬೀಗ ಹಾಕಿದ ಆ ನೆರಳಿನ ಹೊರಗೆ, ಮರುಭೂಮಿಯ ಬಿಸಿಲಿನಲ್ಲಿ ಅಂಗಾತ ಮಲಗಿ ರವೂಫ್ ಬೋಲ್ಟು ಬಿಗಿಯುತ್ತಿದ್ದರು. ಹೊಸವು ಯಾವಾಗ ಎಂದರೆ, ಪ್ರತಿ ವರ್ಷವೂ “ಬರುವ ಮಾರ್ಚಿಗೆ” ಎಂಬ ಉತ್ತರ.

ಪ್ರತಿ ಹಾರಾಟಕ್ಕೆ ಮುನ್ನ ವಿಮಾನದ ಪುಸ್ತಕದಲ್ಲಿ ಫಿಟ್ಟರ್ ಸಹಿ ಹಾಕಬೇಕು. ಅದರ ಕೆಳಗೆ ಪೈಲಟ್ ಓದಿ ಸಹಿ ಹಾಕಬೇಕು. ಶ್ರವಣ್ ಓದುತ್ತಿರಲಿಲ್ಲ. “ರವೂಫಾಕನ ಸಹಿ ಉಂಟಲ್ಲ, ಮತ್ತೆ ಓದುವುದೆಂಥದು?” ಎಂದು ತುಳುವಿನಲ್ಲೇ ಹೇಳಿ ನಗುತ್ತ ಏಣಿ ಹತ್ತುತ್ತಿದ್ದ. ಹನ್ನೊಂದು ವರ್ಷ ಹಾಗೆಯೇ ನಡೆಯಿತು. ಕಳೆದ ತಿಂಗಳು ಆಕಾಶದಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು; ವಿಮಾನವನ್ನು ಹೇಗೋ ಇಳಿಸಿ ಬಂದ. ಮರುದಿನ ಪುಸ್ತಕವನ್ನು ಮೊದಲ ಪುಟದಿಂದ ಓದಿದ. ನಿಂತಲ್ಲೇ, ಇಪ್ಪತ್ತು ನಿಮಿಷ. ವಾರದೊಳಗೆ ಅರ್ಜಿ ಬಿತ್ತು.

ಬೆಳುವಾಯಿಯಲ್ಲಿ ಶ್ರವಣ್‌ನ ಹೆಂಡತಿ ಜ್ಯೋತ್ಸ್ನಾ ಎಳನೀರಿನ ಬೊಂಡ ಕೆತ್ತಿಸಿ ತಂದಿಟ್ಟಳು. “ಈಗ ನಿಮ್ಮನ್ನು ಕಳಿಸಿದ್ದಾ? ಇನ್ನು ಯಾರನ್ನು ಕಳಿಸ್ತಾರೆ, ತುಳು ಬರುವ ಏರ್ ಮಾರ್ಷಲನ್ನಾ?”

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಮೊದಲನೆಯದನ್ನು ರವೂಫ್ ತೆಗೆದರು. “ಸರ್, ಬರುವ ಮಾರ್ಚಿಗೆ…”

“ಅದು ಬೇಡ ರವೂಫಾಕ,” ಎಂದ ಶ್ರವಣ್. “ಒಂದೇ ಒಂದು ಹೇಳಿ. ಪುಸ್ತಕದಲ್ಲಿ ‘ಪಂಪ್ ಬದಲಿಸಲಾಗಿದೆ’ ಅಂತ ಬರೆದಿದ್ದೀರಿ. ಆ ಪಂಪ್ ಎಲ್ಲಿಂದ ತಂದದ್ದು?”

ಸ್ಟೋರಿನಿಂದ ಎಂದರೆ ಮುಗಿಯುತ್ತಿತ್ತು. ರವೂಫ್ ಬೊಂಡವನ್ನು ಕೆಳಗಿಟ್ಟರು.

“ಮೂರು ವರ್ಷದಿಂದ ಮೂಲೆಯಲ್ಲಿ ನಿಂತಿದೆಯಲ್ಲ, ರೆಕ್ಕೆ ಬಿಚ್ಚಿದ ವಿಮಾನ, ಅದರದ್ದು. ಪರೀಕ್ಷೆ ಮಾಡಿಯೇ ಹಾಕಿದ್ದು ಸರ್. ಹೊಸದಕ್ಕೆ ಬರೆದು ಎರಡು ವರ್ಷ ಆಯ್ತು.”

“ನೀವು ಹೇಳ್ಲಿಲ್ಲ.”

“ನೀವು ಕೇಳ್ಲಿಲ್ಲ.”

ಜ್ಯೋತ್ಸ್ನಾ ಎದ್ದು ಒಳಗೆ ಹೋದಳು. ಶ್ರವಣ್ ತಲೆಯಾಡಿಸಿದ.

“ಹೌದು, ಕೇಳ್ಲಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಇನ್ನು ಓದದೆ ಸಹಿ ಹಾಕ್ಲಿಕ್ಕೆ ಆಗುವುದಿಲ್ಲ ನನಗೆ. ಓದಿದರೆ ಹಾರ್ಲಿಕ್ಕೆ ಆಗುವುದಿಲ್ಲ.”

ರವೂಫ್ ವಾಪಸು ಹೋಗಿ ನಡೆದದ್ದನ್ನು ನಡೆದಂತೆ ಹೇಳಿದರು. “ಸ್ಟೋರಿನಿಂದ ಅಂತ ಹೇಳಬಾರದಿತ್ತೇ?” ಎಂದಷ್ಟೇ ಕೇಳಿದರು ಸಾಹೇಬರು. ಸೇವೆಯ ಅಗತ್ಯ ಎಂದು ಶ್ರವಣ್‌ನ ಅರ್ಜಿಯನ್ನು ಒಂದು ವರ್ಷ ತಡೆದರು. ಆ ವರ್ಷವೆಲ್ಲ ಅವನು ಮೇಜಿನ ಹಿಂದೆ ಕೂತು ಕಾಗದ ತಿರುವಿದ. ಹಾರಲೂ ಇಲ್ಲ, ಯಾರಿಗೂ ಕಲಿಸಲೂ ಇಲ್ಲ. ಆಮೇಲೆ ಪ್ರಯಾಣಿಕರ ವಿಮಾನಕ್ಕೆ ಹೋದ.

ಅವನ ಜಾಗಕ್ಕೆ ಇಪ್ಪತ್ತಾರರ ಪೈಲಟ್ ಬಂದ. ಮೊದಲ ದಿನ ರವೂಫ್ ಪುಸ್ತಕ ತೆರೆದು ಹಿಡಿದು, “ಓದಿ ಸರ್,” ಎಂದರು.

“ನಿಮ್ಮ ಸಹಿ ಇದೆಯಲ್ಲ ದಾದಾ,” ಎಂದು ಅವನು ಹಿಂದಿಯಲ್ಲಿ ಹೇಳಿ ನಕ್ಕು, ಗೀಚಿ, ಏಣಿ ಹತ್ತಿದ. ಅವನು ಇಳಿಯುವ ತನಕ ರವೂಫ್ ಕೂರಲಿಲ್ಲ.

ಆ ಬೇಸಿಗೆಯಲ್ಲಿ ರವೂಫರ ಸೇವೆ ಮುಂದುವರಿಸಲು ಒಪ್ಪಿಗೆಯ ಕಾಗದ ಬಂತು. ರವೂಫ್ ಪ್ರತಿ ಸಾಲನ್ನೂ ಓದಿ, ಸಹಿ ಹಾಕದೆ ಖಾಲಿಯೇ ಮರಳಿಸಿದರು. ಅವರು ನಿವೃತ್ತರಾಗಿ ಗೇಟು ದಾಟಿದ ದಿನವೂ ಹೊಸ ಹ್ಯಾಂಗರಿಗೆ ಬೀಗವೇ ಇತ್ತು.

ಈಗ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ನಾಸಿರನ ಎರಡು ಬಸ್ಸುಗಳ ಬ್ರೇಕು, ಟಯರು ನೋಡುವುದು ಅವರ ಕೆಲಸ. ಮೊನ್ನೆ ನಾಸಿರ್ ಒಂದು ಹೊಸ ನೋಟ್‌ಬುಕ್ ತಂದ. “ನೋಡಿದ್ದೇನೆ ಅಂತ ದಿನಾ ಇದರಲ್ಲೊಂದು ಸಹಿ ಹಾಕಿ ಕಾಕ. ಡ್ರೈವರಿಗೂ ಒಂದು ಧೈರ್ಯ.”

ರವೂಫ್ ಬಸ್ಸಿನ ಅಡಿಯಿಂದಲೇ ಕೈ ಅಡ್ಡ ಆಡಿಸಿದರು.

“ನೋಡ್ತೇನೆ. ಸಹಿ ಮಾತ್ರ ಕೇಳ್ಬೇಡ. ಡ್ರೈವರನ್ನೇ ಕಳಿಸು, ಅಡಿಗೆ ಬಂದು ನೋಡ್ಲಿ.”