ಮಿಲ್ಲಿನ ಮೋಟರಿಗೆ ಅಬ್ಬಲಿಗೆಯ ಗಂಟು

ಅರವತ್ತರ ದಶಕದ ಆ ದಿನಗಳಲ್ಲಿ ನಮ್ಮ ಪುತ್ತೂರಿನಲ್ಲಿ ಮೋಟರ್ ಸುಟ್ಟುಹೋದರೆ ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ ಬಂದ ಹಾಗೆ. ಮಂಗಳೂರಿಗೇ ಸಾಗಿಸಬೇಕು, ತಿರುಗಿ ಬರಲು ಹದಿನೈದು ದಿನ. ಹಾಗಿರುವಾಗ ನನ್ನ ಅಪ್ಪ ಪೇಟೆಯ ಬದಿಯಲ್ಲಿ ಒಂದು ಹಂಚಿನ ಕೋಣೆ ಹಿಡಿದು, 'ಇಲ್ಲಿ ಮೋಟರ್ ವೈಂಡಿಂಗ್ ಮಾಡಿಕೊಡಲಾಗುವುದು' ಅಂತ ಬೋರ್ಡು ಬರೆಸಿದರು. ಬೋರ್ಡು ಓದಿದವರು ತುಂಬಾ ಜನ, ಮೋಟರ್ ತಂದವರು ಕಡಿಮೆ.

ನನಗೆ ಆಗ ಹನ್ನೊಂದು. ಶಾಲೆ ಬಿಟ್ಟರೆ ಸೀದಾ ಅಂಗಡಿಗೆ. ಹೊಸ ತಾಮ್ರದ ತಂತಿ, ಆಗಷ್ಟೇ ಕೆತ್ತಿದ ಬಿದಿರಿನ ಬೆಣೆ, ಎಲ್ಲದರ ಮೇಲೆ ವಾರ್ನಿಷಿನ ಘಾಟು. ನನಗೆ ಆ ವಾಸನೆ ಬಿಸಿ ದೋಸೆಯಷ್ಟೇ ಇಷ್ಟ. ಮನೆಗೆ ಬಂದರೆ ಅಮ್ಮ ಮೂಗು ಮುಚ್ಚುತ್ತಿದ್ದರು.

"ಹೂ ಮುಡಿದ್ರೂ ನಿನ್ನ ತಲೆ ವಾರ್ನಿಷೇ ನಾರುದು" ಅನ್ನುವರು.

ಹೂವಿನ ವಿಷಯದಲ್ಲಿ ಅಮ್ಮ ಬಹಳ ಕಟ್ಟುನಿಟ್ಟು. ನಾನು ಬಾಳೆನಾರಿನಲ್ಲಿ ಅಬ್ಬಲಿಗೆ ಕಟ್ಟಿ ಕೊಟ್ಟರೆ, ಮಾಲೆಯ ನಡುವೆ ಕತ್ತರಿ ಹಾಕಿ ಎರಡೂ ತುಂಡನ್ನು ಕೊಡವುವರು. ಒಂದು ಹೂ ಬಿದ್ದರೂ ಇಡೀ ಮಾಲೆ ಮತ್ತೆ ಕಟ್ಟಬೇಕು. ಎಷ್ಟು ಸಲ ಅತ್ತಿದ್ದೇನೋ ಲೆಕ್ಕವಿಲ್ಲ.

ಅಪ್ಪನಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ ನಮ್ಮ ಮನೆಯ ಹತ್ತಿರದ ಅಕ್ಕಿ ಮಿಲ್ಲಿನ ಮೋಟರ್. ಹಳೆಯ ಸುತ್ತು ತೆಗೆದು, ಕಬ್ಬಿಣದ ಸಂದು ಸಂದಿಗೆ ದಪ್ಪ ಕಾಗದ ಹಾಸಿ, ತಾಮ್ರದ ತಂತಿ ಸುತ್ತಿದ ಹೊಸ ಕಾಯಿಲ್ ಇಳಿಸಿ, ಬಿದಿರಿನ ಬೆಣೆ ಹೊಡೆದು ಕೊಟ್ಟರು. ಒಂದು ವಾರ ಸರಿಯಾಗಿ ಓಡಿತು. ಎಂಟನೇ ದಿನ ಹೊಗೆ.

ಮಿಲ್ಲಿನ ಧಣಿಗಳು ಮೋಟರನ್ನು ಗಾಡಿಯಲ್ಲಿ ತಂದು ನಮ್ಮ ಬಾಗಿಲಲ್ಲೇ ಇಳಿಸಿದರು. "ಇನ್ನೊಂದು ಸಲ ನೋಡುವ ಮೇಸ್ತ್ರಿಯವರೇ. ಆಗದಿದ್ರೆ ಮಂಗಳೂರಿಗೇ ಕಳಿಸುದು. ಮತ್ತೆ ಈ ಬೋರ್ಡು ಎಂತಕ್ಕೆ?"

ಸುತ್ತಲಿನ ನಾಲ್ಕು ಅಂಗಡಿಯವರು ಕೇಳಿಸಿಕೊಂಡರು. ಅಪ್ಪ ಮೋಟರನ್ನು ಒಳಗೆ ಎಳೆದುಕೊಂಡರು. ನನಗೆ ಧಣಿಗಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬಿಚ್ಚಿ ನೋಡಿದಾಗ ಕಾರಣ ಕಂಡಿತು. ಕಬ್ಬಿಣದ ಹೊರಗೆ ಬಾಗಿ ನಿಲ್ಲುವ ಕಾಯಿಲಿನ ತುದಿಗಳನ್ನು ಅಪ್ಪ ಆರು ಕಡೆ ದಾರದಿಂದ ಬೇರೆ ಬೇರೆಯಾಗಿ ಕಟ್ಟಿದ್ದರು. ಮೋಟರ್ ಶುರುವಾಗುವಾಗಿನ ಎಳೆತಕ್ಕೆ ಒಂದು ಕಟ್ಟು ಸಡಿಲವಾಗಿ, ತಂತಿಗೆ ತಂತಿ ಉಜ್ಜಿ, ತಂತಿಯ ಮೇಲಿನ ನೂಲಿನ ಹೊದಿಕೆ ಸವೆದು ತಾಮ್ರಕ್ಕೆ ತಾಮ್ರ ತಾಗಿತ್ತು.

"ಅಮ್ಮ ಹೂ ಕಟ್ಟುವ ಹಾಗೆ ಕಟ್ಟಿದ್ರೆ?" ಅಂದೆ. "ಒಂದೇ ದಾರ, ಪ್ರತಿ ಸುತ್ತಿಗೂ ಗಂಟು. ನಡುವೆ ಒಂದು ಕಡಿದ್ರೂ ಬಾಕಿದ್ದು ಬಿಡುದಿಲ್ಲ."

ಅಪ್ಪ ನನ್ನ ಮುಖ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಅವರು ಹೊಸ ಸುತ್ತು ಹಾಕಿ ಮುಗಿಸಿ, ದಾರದ ಉಂಡೆ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು.

ಎರಡು ಸಂಜೆ ಕಟ್ಟಿದೆ. ಅಪ್ಪನ ದಪ್ಪ ಬೆರಳು ಹೋಗದ ಸಂದಿನಲ್ಲಿ ನನ್ನ ಬೆರಳು ಹೋಗುತ್ತಿತ್ತು. ದಾರ ಕೊಯ್ದು ತೋರುಬೆರಳಿನಲ್ಲಿ ರಕ್ತ ಬಂತು. ಅಮ್ಮ ಅದನ್ನು ನೋಡಿ ಅರಸಿನ ಹಚ್ಚುತ್ತಾ, "ಕೊನೆಗೆ ಮೋಟರಿಗೂ ಹೂ ಮುಡಿಸಿದಿಯಾ?" ಅಂತ ನಕ್ಕರು.

ಮಳೆಗಾಲ, ಸುತ್ತಿನ ಮೇಲೆ ಹೊಯ್ದ ವಾರ್ನಿಷ್ ಒಣಗುವ ಲಕ್ಷಣವೇ ಇಲ್ಲ. ಅಪ್ಪ ಬೇಕರಿಯವರ ಕೈಕಾಲು ಹಿಡಿದು, ಬ್ರೆಡ್ಡು ತೆಗೆದ ಮೇಲೆ ಆರುತ್ತಿದ್ದ ಒಲೆಯೊಳಗೆ ಮೋಟರ್ ಇಟ್ಟು ಬೇಯಿಸಿದರು. ಮರುದಿನ ಅರ್ಧ ಪುತ್ತೂರು ವಾರ್ನಿಷ್ ವಾಸನೆಯ ಬನ್ನು ತಿಂದಿತು. ಬೇಕರಿಯವರು ಒಂದು ತಿಂಗಳ ಕಾಲ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಮೋಟರ್ ಒಯ್ಯಲು ಬಂದ ಧಣಿಗಳು ಬಗ್ಗಿ ನೋಡಿದರು. "ಇದು ನಿಮ್ಮ ಕಟ್ಟಲ್ಲವಲ್ಲ. ಯಾರು ಕಟ್ಟಿದ್ದು?"

"ಮಗಳು."

"ಎಂತ ಮಾರಾಯ್ರೆ, ಮಿಲ್ಲಿನ ಮೋಟರ್ ಮಕ್ಕಳಾಟಿಕೆಯಾ?"

ಅಪ್ಪ ಎದ್ದು ನಿಂತರು. "ಬೇಡಾದ್ರೆ ಹೇಳಿ, ಈಗಲೇ ಬಿಚ್ಚುತ್ತೇನೆ. ಆದ್ರೆ ಮತ್ತೆ ನಾನು ಕಟ್ಟುದಿಲ್ಲ. ಇದಕ್ಕಿಂತ ಚಂದ ಕಟ್ಟಲಿಕ್ಕೆ ನನಗೆ ಬರುದಿಲ್ಲ."

ಧಣಿಗಳು ಗೊಣಗುತ್ತಲೇ ಗಾಡಿಗೆ ಹೇರಿಸಿದರು. ಆ ವಾರ ಶಾಲೆಯಲ್ಲಿ ನನ್ನ ಕಿವಿ ಮಿಲ್ಲಿನ ಕಡೆಗೇ. ಎಂಟನೇ ದಿನ ಮಧ್ಯಾಹ್ನ ಮಿಲ್ಲಿನ ಸದ್ದು ಫಕ್ಕನೆ ನಿಂತಿತು. ಟೀಚರ್ ಕೂಗುತ್ತಿದ್ದರೂ ಕೇಳದೆ ಕೆಸರಿನಲ್ಲಿ ಓಡಿದೆ. ಅಪ್ಪ ನನಗಿಂತ ಮೊದಲೇ ಅಲ್ಲಿಗೆ ಬಂದು ಮೋಟರಿನ ಮೇಲೆ ಅಂಗೈ ಇಟ್ಟು ನಿಂತಿದ್ದರು. ಧಣಿಗಳು ನೆಲದಿಂದ ಕಡಿದ ಬೆಲ್ಟು ಎತ್ತಿ ತೋರಿಸಿದರು. "ಬೆಲ್ಟು ಹೋದದ್ದು ಮಗಾ. ನಿನ್ನ ಮೋಟರಿಗೆ ಎಂತ ಆಗ್ಲಿಲ್ಲ."

ನಿನ್ನ ಮೋಟರ್ ಅಂದರು. ಇಷ್ಟು ವಯಸ್ಸಾದರೂ ಆ ಮಾತು ನೆನೆದರೆ ನನಗೆ ಬೆನ್ನು ನೆಟ್ಟಗಾಗುತ್ತದೆ. ಸುಳ್ಯ, ಕಡಬದಿಂದಲೂ ಮೋಟರುಗಳು ಬರತೊಡಗಿದವು. ಮದುವೆಯಾಗುವವರೆಗೆ ಅಷ್ಟೂ ಮೋಟರಿಗೆ ದಾರ ಕಟ್ಟಿದ್ದು ನಾನೇ. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷ ಓಡಿ, ಮಿಲ್ಲು ಮುಚ್ಚಿದಾಗ ಆ ಮೋಟರ್ ಗುಜರಿಗೆ ಹೋಯಿತು. "ಆ ದಾರ ಎಳೆದ್ರೆ ಬರ್ಲಿಲ್ಲ, ಉಳಿ ಹಾಕಿ ಕಡಿಯಬೇಕಾಯ್ತು" ಅಂತ ಗುಜರಿಯವನು ಅಪ್ಪನಲ್ಲಿ ದೂರಿದನಂತೆ. ಅಪ್ಪ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು.

ಈಗ ಮೋಟರ್ ಸುಟ್ಟರೆ ಹೊಸತು ತರುತ್ತಾರೆ. ಹೂವನ್ನೂ ಕಟ್ಟಿದ್ದೇ ತರುವುದು. ಮೊನ್ನೆ ತಂದ ಮಾಲೆಗೆ ನಡುವೆ ಕತ್ತರಿ ಹಾಕಿದೆ, ಹೂವೆಲ್ಲ ಮಡಿಲಿಗೆ ಉದುರಿತು. ಹಿತ್ತಲಿನಿಂದ ಬಾಳೆನಾರು ತಂದು ಅದನ್ನೇ ಮತ್ತೆ ಕಟ್ಟಲು ಕೂತೆ. ಬೆರಳಿಗೆ ಎಲ್ಲ ನೆನಪಿತ್ತು. ಮುಗಿಸಿ, ತುಂಡು ಮಾಡಿ, ಜೋರಾಗಿ ಕೊಡವಿದೆ. ಒಂದು ಹೂವೂ ಬೀಳಲಿಲ್ಲ. ತೋರಿಸೋಣವೆಂದು ತಲೆ ಎತ್ತಿದರೆ, ನೋಡಲು ಅಮ್ಮನೂ ಇರಲಿಲ್ಲ, ಅಪ್ಪನೂ ಇರಲಿಲ್ಲ.