ಚಿಕ್ಕಪ್ಪನ ಹೆಸರಿದ್ದ ಸೀಡಿ

ಓದುವ ಎಲ್ಲರಿಗೂ ನಮಸ್ಕಾರ. ನಾನು ಸರಿಯಾಗಿ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಇದನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ, ಒತ್ತಕ್ಷರ ಬಂದಲ್ಲೆಲ್ಲ ಬೆರಳು ತಡವರಿಸುತ್ತದೆ. ತಪ್ಪು ಕಂಡರೆ ನಿಮ್ಮ ಮನಸ್ಸಿನಲ್ಲೇ ತಿದ್ದಿಕೊಂಡು ಮುಂದಕ್ಕೆ ಓದಿ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಬಿಳಿಗೆರೆ ಹತ್ತಿರದ ಒಂದು ಊರು. ಫೋನಿನಲ್ಲಿ ಪುಕ್ಕಟೆ ಸಿಗುವ ಹಾಡನ್ನು ದುಡ್ಡು ಕೊಟ್ಟು, ಸೀಡಿ ತರಿಸಿ ಕೇಳುವ ಮನುಷ್ಯ ಈ ಊರಲ್ಲಿ ನಾನೊಬ್ಬನೇ ಇರಬೇಕು. ಮನೆಯವಳು ಆಗಾಗ ಕೇಳುತ್ತಾಳೆ, "ಏನ್ರೀ, ಮನೇಲಿ ಬಾವಿ ಇಟ್ಕೊಂಡು ಪೇಟೆಯಿಂದ ನೀರು ತತ್ತೀರಲ್ಲ?" ಅವಳಿಗೆ ನಾನು ಇವತ್ತಿನವರೆಗೂ ಸರಿಯಾದ ಉತ್ತರ ಕೊಟ್ಟಿಲ್ಲ. ಇಲ್ಲಿ ಪ್ರಯತ್ನ ಮಾಡುತ್ತೇನೆ.

ಚಿಕ್ಕಂದಿನಲ್ಲಿ ದನ, ತೋಟ ಅಂತ ಶಾಲೆ ಬಿಟ್ಟವನು ನಾನು. ದೊಡ್ಡವನಾದ ಮೇಲೆ ರಾತ್ರಿ ಶಾಲೆಗೆ ಸೇರಿಕೊಂಡೆ. ಅಲ್ಲಿ ಕೊಟ್ಟ ಪುಸ್ತಕದಲ್ಲಿ ಅಗಸ, ಆಡು, ಇಲಿ ಇದ್ದವು. ಮೀಸೆ ಇರುವವನು ಇಲಿ ಅಂತ ಗಟ್ಟಿಯಾಗಿ ಓದುವುದಕ್ಕೆ ನಾಚಿಕೆ. ಆಗ ತಿಪಟೂರು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕ್ಯಾಸೆಟ್ ಅಂಗಡಿ ಇತ್ತು. ಕೊಬ್ಬರಿ ಮಂಡಿಗೆ ಹಾಕಲು ಪೇಟೆಗೆ ಹೋದಾಗಲೆಲ್ಲ ಒಂದು ಭಕ್ತಿಗೀತೆ ಕ್ಯಾಸೆಟ್ ತರುತ್ತಿದ್ದೆ. ಅದರ ಪೆಟ್ಟಿಗೆಯೊಳಗೆ ಮಡಿಸಿಟ್ಟ ಒಂದು ಚೀಟಿ ಇರುತ್ತಿತ್ತು. ಹಾಡಿದವರು, ಬರೆದವರು, ತಬಲ, ಕೊಳಲು, ಸಹಗಾಯನ, ಧ್ವನಿಮುದ್ರಣ. ತೆಂಗಿನ ಮರದ ಬುಡದಲ್ಲಿ ಕೂತು ಅದನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಯಾರ ಸಹಾಯವೂ ಇಲ್ಲದೆ ನಾನು ಪೂರ್ತಿಯಾಗಿ ಓದಿದ ಮೊದಲ ಮಾತು 'ಧ್ವನಿಮುದ್ರಣ'. ಅದನ್ನು ಓದಿದ ದಿನ ಊಟವೂ ಬೇಕೆನಿಸಲಿಲ್ಲ.

ಆ ಪೆಟ್ಟಿಗೆಗಳು ಮಾತ್ರ ಬಹಳ ಹಗುರ. ಮುಚ್ಚಳದ ಎರಡು ಕಿವಿಗಳಲ್ಲಿ ಒಂದು ವಾರದೊಳಗೆ ಮುರಿಯುತ್ತಿತ್ತು. ಆಮೇಲೆ ರಬ್ಬರ್ ಬ್ಯಾಂಡ್ ಹಾಕಿ ಇಡಬೇಕು. ಸೀಡಿ ಬಂದ ಮೇಲೂ ಹಾಗೇ. ಮೊದಮೊದಲು ದಪ್ಪ ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಬರಬರುತ್ತಾ ಬೆರಳಲ್ಲಿ ಒತ್ತಿದರೆ ಬಾಗುವಷ್ಟು ತೆಳ್ಳಗಾದವು. ಆದರೂ ಕೈಯಲ್ಲಿ ಹಿಡಿದರೆ ಇದು ನನ್ನದು ಅನಿಸುತ್ತದೆ. ಈ ಹಾಡಿನ ಹಿಂದೆ ಇಷ್ಟು ಜನ ಕೂತಿದ್ದರು ಅಂತ ಗೊತ್ತಾಗುತ್ತದೆ. ಫೋನಿನಲ್ಲಿ ಹಾಡು ಬರುತ್ತದೆ, ಜನ ಬರುವುದಿಲ್ಲ.

ಇದನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ನಮ್ಮ ಚಿಕ್ಕಪ್ಪ. ನಾನು ಹೇಳಬೇಕಾಗಿರುವುದು ಅವರ ವಿಷಯವನ್ನೇ.

ಚಿಕ್ಕಪ್ಪನ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ, ನಡುವೆ ಒಂದೇ ಗೋಡೆ. ಸೋಮವಾರ ಸೋಮವಾರ ಈಶ್ವರನ ಗುಡಿಯಲ್ಲಿ ನಡೆಯುವ ಭಜನೆಗೆ ಹಾರ್ಮೋನಿಯಂ ನುಡಿಸುವವರು ಅವರು. ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ನುಡಿಸುತ್ತಿದ್ದಾರೆ. ಊರಲ್ಲಿ ಯಾರೂ ಅದನ್ನು ಹಾರ್ಮೋನಿಯಂ ಅನ್ನುವುದಿಲ್ಲ, ಪೆಟ್ಟಿಗೆ ಅನ್ನುತ್ತಾರೆ. ಹೋದ ವರ್ಷ ತುರುವೇಕೆರೆ ಕಡೆಯ ಒಬ್ಬ ಗಾಯಕರು ಬಂದು ನಮ್ಮ ಭಜನೆಯವರನ್ನು ಕೇಳಿ ಮೆಚ್ಚಿಕೊಂಡರು. ತತ್ವಪದಗಳನ್ನು ರೆಕಾರ್ಡ್ ಮಾಡುತ್ತೇನೆ, ನೀವೇ ಹಿಮ್ಮೇಳಕ್ಕೆ ಬನ್ನಿ ಅಂತ ಎಲ್ಲರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ಚಿಕ್ಕಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋಗಿ, ತೊಡೆಯ ಮೇಲಿಟ್ಟುಕೊಂಡೇ ವಾಪಸ್ ಬಂದರು.

ಸ್ವಲ್ಪ ದಿನಕ್ಕೆ ಹಾಡುಗಳು ಫೋನಿಗೆ ಬಂದವು. ನಾನೇ ಜಗುಲಿ ಮೇಲೆ ಕೂರಿಸಿ ಕೇಳಿಸಿದೆ. ಮೊದಲ ಪದ ಮುಗಿಯುವ ತನಕ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಫೋನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಇದ್ರಾಗೆ ನಾನು ಎಲ್ಲಿವ್ನಿ ತೋರ್ಸು."

"ನೀವು ಬಾರಿಸಿದ್ದು ಕೇಳ್ತಲ್ಲ ಚಿಕ್ಕಪ್ಪ."

"ಕೇಳ್ತು ಕಣ್ಲಾ. ಪೆಟ್ಟಿಗೆ ಕೇಳ್ತು. ಬಾರಿಸ್ದೋನು ಯಾರು ಅಂತ ಎಲ್ಲಿ ಬರ್ದವ್ರೆ?"

ನಾನು ಮೇಲೆ ಕೆಳಗೆ ಎಳೆದು ನೋಡಿದೆ. ಗಾಯಕರ ಚಿತ್ರ, ಅವರ ಹೆಸರು, ಹಾಡಿನ ಹೆಸರು ಅಷ್ಟೇ ಇತ್ತು. "ಎಲ್ಲರ ಹೆಸ್ರೂ ಹಾಕಿಸ್ತೀನಿ ಅಂದಿದ್ರು," ಅಂದರು ಚಿಕ್ಕಪ್ಪ. ಕೋಪದಿಂದ ಅಂದದ್ದಲ್ಲ. ಫೋನು ನನ್ನ ಕೈಗಿಟ್ಟು, ದನಕ್ಕೆ ನೀರು ತೋರಿಸಲು ಎದ್ದು ಹೋದರು. ಆಮೇಲೆ ಆ ಹಾಡುಗಳನ್ನು ಯಾರು ಹಾಕಿದರೂ ಅಲ್ಲಿ ನಿಲ್ಲುತ್ತಿರಲಿಲ್ಲ.

ಗಾಯಕರಿಗೆ ಫೋನು ಮಾಡಿದರೆ ನಂಬರು ಚಾಲ್ತಿಯಲ್ಲಿ ಇರಲಿಲ್ಲ. ಸೀಡಿ ಹುಡುಕುವುದು ನನ್ನ ಅಭ್ಯಾಸವಾದ್ದರಿಂದ ಹುಡುಕಿದೆ. ಬೆಂಗಳೂರಿನ ಒಂದು ಸಣ್ಣ ಅಂಗಡಿಯವರ ಬಳಿ ಈ ಪದಗಳ ಸೀಡಿ ಇದೆ ಅಂತ ಗೊತ್ತಾಯಿತು. ಗಾಯಕರು ಕೆಲವೇ ಪ್ರತಿ ಮಾಡಿಸಿದ್ದರಂತೆ. ಒಳಗೆ ಹೆಸರುಗಳ ಹಾಳೆ ಇದೆಯಾ ಅಂತ ಕೇಳಿದ್ದಕ್ಕೆ ಅಂಗಡಿಯವರು, "ಏನೋ ಒಂದು ಪೇಪರ್ ಇದೆ ಸಾರ್, ಸೀಲ್ ಆಗಿರೋದನ್ನ ತೆಗೆದು ನೋಡೋಕಾಗಲ್ಲ" ಅಂದರು. ಕಳಿಸಿ ಅಂದೆ. ಚಿಕ್ಕಪ್ಪನಿಗೂ ಹೇಳಿದೆ. ಹೇಳಬಾರದಿತ್ತೇನೋ. ಅವತ್ತಿನಿಂದ ರಸ್ತೆಯಲ್ಲಿ ಬೈಕಿನ ಸದ್ದಾದರೆ ಸಾಕು, ಅವರು ಜಗುಲಿಗೆ ಬರುತ್ತಿದ್ದರು.

ಅಂಗಡಿಯವರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಪಾರ್ಸೆಲ್ ತಗೊಳ್ಳುವಾಗ ಕೊರಿಯರ್‌ನವರ ಮುಂದೆಯೇ ಪರೀಕ್ಷೆ ಮಾಡಿ, ಒಡೆದಿದ್ದರೆ ತಗೋಬೇಡಿ ಅಂತ. ಅದನ್ನು ಚಿಕ್ಕಪ್ಪನಿಗೆ ನಾನೇ ಹೇಳಿಕೊಟ್ಟಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಾವು ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆಯಾಗಿ ಕೂರುತ್ತದೆ. ಸುಲಿಯುವ ಮೊದಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಗಡಗಡ ಅಂದರೆ ಕೊಬ್ಬರಿ ಪಕ್ವವಾಗಿದೆ, ಇಳಿಸಬಹುದು. ಹುಟ್ಟಿದಾಗಿನಿಂದ ಈ ಸದ್ದು ಕೇಳಿದವರಿಗೆ ಗಡಗಡ ಅನ್ನುವುದೇ ಒಳ್ಳೆಯ ಸುದ್ದಿ.

ಪಾರ್ಸೆಲ್ ಬಂದ ದಿನ ನಾನು ತೋಟದಲ್ಲಿ ಮೋಟಾರ್ ರಿಪೇರಿ ಮಾಡಿಸುತ್ತಿದ್ದೆ. ಜಗುಲಿಯಲ್ಲಿದ್ದವರು ಚಿಕ್ಕಪ್ಪ. ಕೊರಿಯರ್‌ನವನು, "ಚೆಕ್ ಮಾಡ್ಕೊಳ್ಳಿ ಯಜಮಾನ್ರೇ, ಸರಿ ಇದ್ರೆ ಸೈನ್ ಹಾಕಿ" ಅಂದನಂತೆ. ಚಿಕ್ಕಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಂತೆ. ಒಳಗೆ ಗಡಗಡ ಅಂದಿತು. "ಚೆನ್ನಾಗೈತೆ ಕಣಪ್ಪ, ಹೋಗ್ಬಾ" ಅಂತ ಸಂತೋಷವಾಗಿ ಸೈನು ಹಾಕಿ, ಅವನಿಗೆ ಒಂದು ಎಳನೀರನ್ನೂ ಕೊಚ್ಚಿಕೊಟ್ಟು ಕಳಿಸಿದ್ದರು.

ನಾನು ಬಂದು ಪಾರ್ಸೆಲ್ ಮುಟ್ಟಿದ ಕೂಡಲೇ ಒಡೆದಿದೆ ಅಂತ ಗೊತ್ತಾಯಿತು. ರಟ್ಟು ಇಲ್ಲ, ಏನಿಲ್ಲ, ಬರೀ ಒಂದು ಪ್ಲಾಸ್ಟಿಕ್ ಕವರು. ಬಟ್ಟೆ ಅಂಗಡಿಯವರು ಪಂಚೆ ಹಾಕಿಕೊಡುವ ಚೀಲವೇ ಇದಕ್ಕಿಂತ ಗಟ್ಟಿ. ಕತ್ತರಿಸಿ ಬಗ್ಗಿಸಿದರೆ ಪೆಟ್ಟಿಗೆಯ ಚೂರುಗಳು ಚಾಪೆಯ ಮೇಲೆ ಉದುರಿದವು, ಅವುಗಳ ಜೊತೆಗೆ ಸೀಡಿಯ ಒಂದು ಹೋಳು.

ಮನೆಯವಳು ಬಾಗಿಲಲ್ಲಿ ನಿಂತಿದ್ದಳು. "ಮಾವ, ಇದನ್ನ ಅಲ್ಲಾಡ್ಸಿ ನೋಡಿದ್ರಾ?"

"ನೋಡ್ದೆ ಕಣವ್ವ. ಒಳ್ಳೆ ಸದ್ದು ಬಂತು."

"ಕೊಬ್ಬರಿ ಮಂಡಿಗೆ ಕಳ್ಸೋಣ ಬುಡಿ, ಒಳ್ಳೆ ರೇಟು ಸಿಗ್ತದೆ."

ಚಿಕ್ಕಪ್ಪ ನಗಲಿಲ್ಲ. ಚೂರುಗಳನ್ನು ಬೆರಳಲ್ಲಿ ಸರಿಸುತ್ತಿದ್ದರು. ಕೆಳಗೆ ಮಡಿಸಿದ ಹಾಳೆ ಇತ್ತು, ಒಂದು ಮೂಲೆ ಹರಿದದ್ದು ಬಿಟ್ಟರೆ ಸರಿಯಾಗಿತ್ತು. ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಂದು ಕಡೆ ಪದಗಳು, ಇನ್ನೊಂದು ಕಡೆ ಹೆಸರುಗಳು. ಹಾರ್ಮೋನಿಯಂ ಅಂತ ಇದ್ದಲ್ಲಿ ಬೆರಳಿಟ್ಟು ತೋರಿಸಿದೆ. ಅವರ ಹೆಸರು, ಅದರ ಮುಂದೆ ನಮ್ಮೂರಿನ ಹೆಸರು. ಕನ್ನಡಕ ತರಿಸಿಕೊಂಡು ತಾವೇ ಓದಿದರು. ಆಮೇಲೆ ಇನ್ನೊಂದು ಸಲ, ತುಟಿ ಅಲ್ಲಾಡಿಸದೆ ಓದಿದರು.

ನನಗೆ ಸೀಡಿ ಒಡೆದದ್ದರ ಸಂಕಟ. ಅಂಗಡಿಯವರಿಗೆ ಫೋನು ಮಾಡಿದೆ. ಅವರು ಕೊರಿಯರ್‌ನವರ ಕಾಗದ ನೋಡಿ, "ತಗೊಂಡೋರು ಸರಿ ಇದೆ ಅಂತ ಸೈನ್ ಮಾಡಿದಾರಲ್ಲ ಸಾರ್" ಅಂದರು. ಸ್ವಲ್ಪ ಕೇಳಿಕೊಂಡ ಮೇಲೆ, "ಆಯ್ತು, ಪೂರ್ತಿ ಸೆಟ್ ವಾಪಸ್ ಕಳ್ಸಿ. ಕವರು, ಡಿಸ್ಕು, ಒಳಗಿನ ಪೇಪರು ಎಲ್ಲಾ ಇರಬೇಕು. ಸ್ಟಾಕ್ ಇದ್ರೆ ಬೇರೆ ಕಳಿಸ್ತೀವಿ, ಇಲ್ದಿದ್ರೆ ದುಡ್ಡು ವಾಪಸ್" ಅಂದರು.

ನನಗೆ ಇದು ನ್ಯಾಯವಾಗಿಯೇ ಕಂಡಿತು. ಚಿಕ್ಕಪ್ಪನಿಗೆ ಕಾಣಲಿಲ್ಲ. ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಡಿಸ್ಕು ಕಳ್ಸು. ಇದು ಬ್ಯಾಡ."

"ಪೂರ್ತಿ ಕಳ್ಸಿದ್ರೇನೇ ಕೊಡೋದಂತೆ ಚಿಕ್ಕಪ್ಪ. ಹೊಸದ್ರಲ್ಲೂ ಇದೇ ಹಾಳೆ ಇರ್ತದೆ."

"ಅಲ್ಲಿ ಮುಗ್ದೋಗಿದ್ರೆ?"

"ದುಡ್ಡು ವಾಪಸ್ ಬತ್ತದೆ."

"ದುಡ್ಡು ಬತ್ತದೆ ಕಣ್ಲಾ. ನಾನು ಬತ್ತೀನಾ?"

ನಾನೂ ಹಟ ಬಿಡಲಿಲ್ಲ. ಒಡೆದ ಸೀಡಿ ಇಟ್ಟುಕೊಂಡು ಏನು ಮಾಡುವುದು, ಆ ಪದಗಳನ್ನು ಚಿಕ್ಕಪ್ಪ ಒಂದು ಸಲವಾದರೂ ನೆಮ್ಮದಿಯಾಗಿ ಕೂತು ಕೇಳಬೇಕು ಅನ್ನುವುದು ನನ್ನ ಆಸೆ. ಅವರಿಗೆ ಹಾಳೆ ಹೋದರೆ ಎಲ್ಲವೂ ಹೋದಂತೆ. ಹೀಗೇ ಕೆಲವು ದಿನ ಕಳೆಯಿತು. ತೋಟಕ್ಕೆ ಹೋದರೂ ಹಾಳೆ ಜೇಬಲ್ಲಿ. ಮನೆಯವಳು, "ಬೆವ್ರಲ್ಲಿ ನೆಂದು ಹೆಸ್ರೇ ಅಳಿಸೋಗ್ತದೆ ಮಾವ" ಅಂದ ಮೇಲೆ ಒಂದು ಹಾಲಿನ ಕವರನ್ನು ತೊಳೆದು, ಒಣಗಿಸಿ, ಅದರೊಳಗೆ ಇಟ್ಟುಕೊಂಡರು.

ಕೊನೆಗೆ ಅಂಗಡಿಯವರೇ ಫೋನು ಮಾಡಿ ಇನ್ನೂ ಏಕೆ ಕಳಿಸಿಲ್ಲ ಅಂತ ಕೇಳಿದರು. ನಾನು ತಡವರಿಸುತ್ತಿದ್ದೆ. ಚಿಕ್ಕಪ್ಪ ಕೈ ಚಾಚಿ ಫೋನು ಇಸಿದುಕೊಂಡರು. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳುತ್ತಿತ್ತು.

"ನೋಡಪ್ಪ, ಸರಿ ಐತೆ ಅಂತ ಸೈನ್ ಹಾಕ್ದೋನು ನಾನೇ. ನಮ್ಮ ಕಡೆ ಗಡಗಡ ಅಂದ್ರೆ ಚೆನ್ನಾಗೈತೆ ಅಂತ ಲೆಕ್ಕ. ಕೊಬ್ಬರಿ ನೋಡೋದು ಹಂಗೇ."

ಆ ಕಡೆಯಿಂದ ನಗು ಕೇಳಿಸಿತು. "ಆಯ್ತು ಯಜಮಾನ್ರೇ, ಅದಕ್ಕೇನಂತೆ. ಈಗ ವಾಪಸ್ ಕಳ್ಸಿ."

"ಡಿಸ್ಕು ಕಳಿಸ್ತೀನಿ. ಹಾಳೆ ಕಳ್ಸಕ್ಕಾಗಲ್ಲ. ಅದ್ರಾಗೆ ನನ್ನ ಹೆಸ್ರೈತೆ."

"ನಿಮ್ಮ ಹೆಸರಾ? ನೀವು ಯಾರು ಇದ್ರಲ್ಲಿ?"

"ಪೆಟ್ಟಿಗೆ. ಹಾರ್ಮೋನಿ."

"ಎಲ್ಲಾ ಹಾಡಿಗೂ ನೀವೇನಾ?"

"ಎಲ್ಲಾದಕ್ಕೂ ನಾನೇ. ಮೂರ್ನೇ ಪದದಾಗೆ ಒಂದ್ಕಡೆ ತಪ್ಪೋಗೈತೆ, ಅದೂ ನಾನೇ."

ಅಂಗಡಿಯವರು ಈ ಸಲ ನಗಲಿಲ್ಲ. ಅಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಆ ಸೀಡಿಯನ್ನೇ ಹಾಕುತ್ತೇನೆ, ಬಾರಿಸಿದವರು ಹೀಗೆ ಮಾತಾಡಲು ಸಿಗುತ್ತಾರೆ ಅಂದುಕೊಂಡಿರಲಿಲ್ಲ ಅಂದರು. "ಹಾಳೆ ಇಟ್ಕೊಳ್ಳಿ. ಸೀಲ್ ಇರೋವೆಲ್ಲ ಖಾಲಿಯಾಗಿವೆ, ನೀವು ಕಳಿಸಿದ್ರೂ ದುಡ್ಡೇ ಬರ್ತಿತ್ತು. ನಾನು ಹಾಕ್ಕೊಂಡು ಕೇಳೋ ಡಿಸ್ಕ್ ಒಂದಿದೆ, ಅದನ್ನೇ ಕಳಿಸ್ತೀನಿ. ಪೆಟ್ಟಿಗೆ ಇಲ್ಲ, ಬರೀ ಡಿಸ್ಕು."

ಫೋನು ಇಟ್ಟ ಮೇಲೆ ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಹೇಳಿದಂತೆ ಕಳಿಸಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಇಬ್ಬರಿಗೂ ಗೊತ್ತಾಗಿತ್ತು.

ಆ ಡಿಸ್ಕು ಬಂತು. ಯಾವುದೋ ಡಬ್ಬದ ರಟ್ಟನ್ನು ಕತ್ತರಿಸಿ, ಎರಡು ರಟ್ಟಿನ ನಡುವೆ ಇಟ್ಟು ಸುತ್ತಲೂ ಟೇಪು ಸುತ್ತಿದ್ದರು. ಬಿಚ್ಚುವುದರಲ್ಲಿ ನನಗೆ ಸಾಕಾಯಿತು. ಒಂದೆರಡು ಗೀರು ಬಿದ್ದಿದ್ದರೂ ಚೆನ್ನಾಗಿ ಹಾಡುತ್ತದೆ. ಚಿಕ್ಕಪ್ಪ ನಮ್ಮ ಮನೆಯ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತು ಮೊದಲಿನಿಂದ ಕೊನೆಯವರೆಗೂ ಕೇಳಿದರು. ಮೂರನೇ ಪದದಲ್ಲಿ ತಪ್ಪಿದ ಜಾಗ ಬಂದಾಗ "ಇದೇ ನೋಡು" ಅಂತ ತೋರಿಸಿದರು. ನನಗೆ ಯಾವ ತಪ್ಪೂ ಗೊತ್ತಾಗಲಿಲ್ಲ.

ಮರುದಿನ ನೋಡಿದರೆ ಅವರು ಜಗುಲಿ ಮೇಲೆ ಅಂಟು ಕಲಸಿಕೊಂಡು ಕೂತಿದ್ದರು. ಹಾರ್ಮೋನಿಯಂ ಇಡುವ ಮರದ ಡಬ್ಬದ ಮುಚ್ಚಳದ ಒಳಗಡೆ ಹಾಳೆಯನ್ನು ಅಂಟಿಸುವುದಕ್ಕೆ.

"ಹಿಂದ್ಗಡೆ ಪದ ಅಚ್ಚಾಗವೆ ಚಿಕ್ಕಪ್ಪ. ಅಂಟಿಸಿದ್ರೆ ಅವು ಕಾಣಲ್ಲ."

"ಪದ ಎಲ್ರಿಗೂ ಬಾಯಿಗೇ ಬತ್ತವೆ ಬುಡ್ಲಾ," ಅಂತ ಹೆಸರಿನ ಕಡೆ ಮೇಲೆ ಬರುವಂತೆ ಅಂಟಿಸಿ, ಅಂಗೈಯಲ್ಲಿ ನಿಧಾನವಾಗಿ ಸವರಿದರು.

ಆ ಸೋಮವಾರ ಗುಡಿಯಲ್ಲಿ ಅವರು ಡಬ್ಬದ ಮುಚ್ಚಳ ತೆಗೆದು ಗೋಡೆಗೆ ಒರಗಿಸಿದಾಗ ತಾಳ ಹಾಕುವವರು ಬಗ್ಗಿ ನೋಡಿದರು. "ಲೇ, ನನ್ನ ಹೆಸ್ರೂ ಐತಲ್ಲೋ ಇಲ್ಲಿ" ಅಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ತಮ್ಮ ತಮ್ಮ ಹೆಸರು ಹುಡುಕಿದರು. ಅವತ್ತು ಭಜನೆ ಶುರುವಾಗಿದ್ದು ತಡವಾಗಿ.

ಮನೆಯವಳ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಓದುತ್ತಿರುವ ನಿಮ್ಮ ಮನೆಯಲ್ಲೂ ಕಿವಿ ಮುರಿದ ಕ್ಯಾಸೆಟ್ಟೋ, ಗೀರು ಬಿದ್ದ ಸೀಡಿಯೋ ಇರಬಹುದು. ಅದರೊಳಗಿನ ಚೀಟಿಯಲ್ಲಿ ನಿಮಗೆ ಬೇಕಾದವರ ಹೆಸರು ಸಿಕ್ಕಿದ್ದುಂಟಾ? ಹೇಗೆ ಕಾಪಾಡಿಕೊಂಡಿದ್ದೀರಿ? ದಯವಿಟ್ಟು ಬರೆದು ತಿಳಿಸಿ. ನನಗೆ ಓದುವುದು ನಿಧಾನ, ಆದರೂ ಒಂದೂ ಬಿಡದೆ ಓದುತ್ತೇನೆ.